ಭಾರತದ ಮೊದಲ ಪ್ರನಾಳ ಶಿಶು ಮತ್ತು ಡಾ. ಸುಭಾಷ್ ಮುಖೋಪಾಧ್ಯಾಯ: ಫಾರ್ವರ್ಡ್‌ನಲ್ಲಿ ಇರುವುದೆಷ್ಟು, ಬಿಟ್ಟುಹೋದದ್ದೆಷ್ಟು?

ನಿಮ್ಮ ಫ್ಯಾಮಿಲಿ ಗ್ರೂಪಿಗೆ ಈ ಫಾರ್ವರ್ಡ್ ಒಂದಲ್ಲ ಒಂದು ಸಲ ಬಂದಿರಬಹುದು. ಹಳೆಯ ಕಪ್ಪು-ಬಿಳುಪು ಫೋಟೋ, ಅದರ ಕೆಳಗೆ ಉದ್ದನೆಯ ಬರಹ. ಜಗತ್ತಿನ ಮೊದಲ ಟೆಸ್ಟ್ ಟ್ಯೂಬ್ ಬೇಬಿ ಹುಟ್ಟಿದ್ದು ನಮ್ಮ ಕಲ್ಕತ್ತಾದಲ್ಲಿ, ಬಡ ವೈದ್ಯರೊಬ್ಬರು ಮನೆಯ ಫ್ರಿಜ್ಜಿನಲ್ಲಿ ಭ್ರೂಣ ಇಟ್ಟು ಈ ಸಾಧನೆ ಮಾಡಿದರು, ಹೊಟ್ಟೆಕಿಚ್ಚಿನ ಜನ ಅವರನ್ನು ಸಾವಿಗೆ ತಳ್ಳಿದರು, ನೊಬೆಲ್ ಮಾತ್ರ ಬ್ರಿಟಿಷರ ಪಾಲಾಯಿತು ಎನ್ನುವುದು ಅದರ ಸಾರಾಂಶ. ಕೊನೆಯಲ್ಲಿ ಎಂದಿನಂತೆ, ಹತ್ತು ಜನರಿಗೆ ಕಳಿಸಿ ಎಂಬ ಕೋರಿಕೆ.

ಈ ಫಾರ್ವರ್ಡನ್ನು ಪೂರ್ತಿ ಸುಳ್ಳೆಂದು ತಳ್ಳಿಹಾಕಲು ನಾವು ಹೊರಟಿಲ್ಲ. ಸುಭಾಷ್ ಮುಖೋಪಾಧ್ಯಾಯ ಎಂಬ ವೈದ್ಯ-ವಿಜ್ಞಾನಿ ನಿಜವಾಗಿ ಇದ್ದರು. ಅವರಿಗೆ ಅನ್ಯಾಯ ಆದದ್ದೂ ನಿಜ. ಆದರೆ ಕೆಲವು ವಿವರಗಳು ತಪ್ಪು. ಅದಕ್ಕಿಂತ ಹೆಚ್ಚಾಗಿ, ಕತೆಯ ಮುಖ್ಯ ಭಾಗವೊಂದು ಅದರಲ್ಲಿ ಬಿಟ್ಟೇಹೋಗಿದೆ. ಆ ಭಾಗಕ್ಕೂ ನಮ್ಮ ನಿಮ್ಮ ಮನೆಗಳಿಗೂ ಸಂಬಂಧವಿದೆ. ಹಾಗಾಗಿ ಈ ಬದುಕನ್ನು ಮೊದಲಿನಿಂದ ನೋಡೋಣ.

ಹಜಾರಿಬಾಗ್‌ನಿಂದ ಎಡಿನ್‌ಬರೋಗೆ

ಸುಭಾಷ್ ಹುಟ್ಟಿದ್ದು 1931ರ ಜನವರಿ 16ರಂದು, ಈಗಿನ ಜಾರ್ಖಂಡ್‌ನಲ್ಲಿರುವ ಹಜಾರಿಬಾಗ್‌ನಲ್ಲಿ. ಓದಿದ್ದು ಕಲ್ಕತ್ತಾದಲ್ಲಿ. ಶರೀರಕ್ರಿಯಾ ವಿಜ್ಞಾನ, ಅಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಎಂಬ ವಿಷಯದಲ್ಲಿ ಪದವಿ. ಕಲ್ಕತ್ತಾ ನ್ಯಾಷನಲ್ ಮೆಡಿಕಲ್ ಕಾಲೇಜಿನಿಂದ ಎಂಬಿಬಿಎಸ್. 1958ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಸಂತಾನೋತ್ಪತ್ತಿಯ ಶರೀರಕ್ರಿಯೆಯ ಮೇಲೆ ಪಿಎಚ್‌ಡಿ. ಬಹುತೇಕರಿಗೆ ಇಷ್ಟೇ ಸಾಕಾಗುತ್ತಿತ್ತು. ಇವರು ಸ್ಕಾಟ್ಲೆಂಡಿಗೆ ಹೋಗಿ, ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಜಾನ್ ಲೊರೇನ್ ಅವರ ಬಳಿ ಸಂತಾನೋತ್ಪತ್ತಿಯ ಹಾರ್ಮೋನುಗಳ ಬಗ್ಗೆ ಎರಡನೇ ಪಿಎಚ್‌ಡಿ ಮಾಡಿದರು. ಅದು ಮುಗಿದದ್ದು 1967ರಲ್ಲಿ.

ಇಲ್ಲಿ ಒಂದು ಸಂಗತಿ ಗಮನಿಸಿ. ಅವರು ಹೆರಿಗೆ ಮಾಡಿಸುವ ಡಾಕ್ಟರ್ ಆಗಿರಲಿಲ್ಲ. ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ, ಪ್ರಯೋಗಾಲಯದಲ್ಲಿ ಹಾರ್ಮೋನುಗಳನ್ನು ಅಳೆಯುವ ಶರೀರಕ್ರಿಯಾ ತಜ್ಞ. ಇದು ಅವರ ಶಕ್ತಿಯೂ ಹೌದು, ಮುಂದೆ ಅವರಿಗೆ ತೊಡಕಾದದ್ದೂ ಹೌದು. ಹೆಣ್ಣಿನ ದೇಹದಲ್ಲಿ ತಿಂಗಳುದ್ದಕ್ಕೂ ಹಾರ್ಮೋನುಗಳು ಹೇಗೆ ಏರಿಳಿಯುತ್ತವೆ ಎಂಬುದು ಅವರಿಗೆ ಅಂಗೈ ರೇಖೆಯಷ್ಟು ಪರಿಚಿತ. ಆದರೆ ಪ್ರಸೂತಿ ತಜ್ಞರ ವಲಯದಲ್ಲಿ ಅವರು ಹೊರಗಿನವರು.

ವಿದೇಶದಿಂದ ಮರಳಿ ಎನ್‌ಆರ್‌ಎಸ್ ಮೆಡಿಕಲ್ ಕಾಲೇಜು ಸೇರಿದರು. ಮುಂದೆ ಬಾಂಕುರಾದ ಸರ್ಕಾರಿ ಮೆಡಿಕಲ್ ಕಾಲೇಜಿಗೆ ವರ್ಗವಾಯಿತು. ಕಲ್ಕತ್ತಾದಿಂದ ಬಾಂಕುರಾಕ್ಕೆ ರೈಲಿನಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಅಲ್ಲಿ ಕೆಲಸ ಮಾಡುತ್ತಲೇ ವಾರಾಂತ್ಯಗಳಲ್ಲಿ ಕಲ್ಕತ್ತಾಕ್ಕೆ ಬಂದು ಸಂಶೋಧನೆ ನಡೆಸುತ್ತಿದ್ದರು. ಜೊತೆಗೆ ಇಬ್ಬರಿದ್ದರು. ಒಬ್ಬರು ಜಾದವ್‌ಪುರ ವಿಶ್ವವಿದ್ಯಾಲಯದ ಸುನೀತ್ ಮುಖರ್ಜಿ, ಜೀವಕೋಶಗಳನ್ನು ಅತಿ ಶೀತದಲ್ಲಿ ಕಾಪಾಡುವ ವಿದ್ಯೆ ಬಲ್ಲವರು. ಇನ್ನೊಬ್ಬರು ಪ್ರಸೂತಿ ತಜ್ಞ ಡಾ. ಸರೋಜ್ ಕಾಂತಿ ಭಟ್ಟಾಚಾರ್ಯ. ಒಬ್ಬರು ಹಾರ್ಮೋನು ಬಲ್ಲವರು, ಒಬ್ಬರು ಶೀತ ಬಲ್ಲವರು, ಒಬ್ಬರು ಆಪರೇಷನ್ ಬಲ್ಲವರು. ಫಾರ್ವರ್ಡ್‌ನಲ್ಲಿ ಸಾಮಾನ್ಯವಾಗಿ ಸುಭಾಷ್ ಒಬ್ಬರೇ ಇರುತ್ತಾರೆ, ಉಳಿದಿಬ್ಬರು ಮಾಯ.

ಅಷ್ಟಕ್ಕೂ ಅವರು ಮಾಡಿದ್ದೇನು?

'ಟೆಸ್ಟ್ ಟ್ಯೂಬ್ ಬೇಬಿ' ಎಂಬ ಹೆಸರೇ ಜನರ ದಾರಿ ತಪ್ಪಿಸಿದೆ. ಕನ್ನಡದ 'ಪ್ರನಾಳ ಶಿಶು' ಕೂಡ ಅದೇ ತಪ್ಪನ್ನು ಹೊತ್ತುಕೊಂಡು ಬಂದಿದೆ. ಮಗು ಗಾಜಿನ ನಳಿಗೆಯಲ್ಲಿ ಬೆಳೆಯುವುದಿಲ್ಲ. ತಾಯಿಯ ಅಂಡಾಣು, ತಂದೆಯ ವೀರ್ಯಾಣು ಎರಡನ್ನೂ ದೇಹದ ಹೊರಗೆ ಒಂದು ಚಪ್ಪಟೆ ತಟ್ಟೆಯಲ್ಲಿ ಸೇರಿಸುತ್ತಾರೆ. ಭ್ರೂಣ ಅಲ್ಲಿ ಇರುವುದು ಕೆಲವೇ ದಿನ. ಆಮೇಲೆ ತಾಯಿಯ ಗರ್ಭಕೋಶಕ್ಕೆ ಹೋಗಿ, ಎಲ್ಲ ಮಕ್ಕಳಂತೆಯೇ ಒಂಬತ್ತು ತಿಂಗಳು ಬೆಳೆಯುತ್ತದೆ. ಇದೇ ಇಂದಿನ ಐವಿಎಫ್.

1978ರಲ್ಲಿ ಇದನ್ನು ಮಾಡಲು ದೊಡ್ಡ ಅಡ್ಡಿಯೊಂದಿತ್ತು. ಹೆಣ್ಣಿನ ಅಂಡಾಶಯದಿಂದ ಸಾಮಾನ್ಯವಾಗಿ ತಿಂಗಳಿಗೆ ಬಿಡುಗಡೆಯಾಗುವುದು ಒಂದೇ ಅಂಡಾಣು. ಅದು ಪಕ್ವವಾಗುವ ಸರಿಯಾದ ಗಳಿಗೆ ಕಾದು ತೆಗೆಯಬೇಕು. ಕೈತಪ್ಪಿದರೆ ಮುಂದಿನ ತಿಂಗಳು. ಹಾರ್ಮೋನು ಕೊಟ್ಟರೆ ಒಮ್ಮೆಗೇ ಹಲವು ಅಂಡಾಣುಗಳು ಪಕ್ವವಾಗುತ್ತವೆ, ನಿಜ. ಆದರೆ ಅದೇ ಹಾರ್ಮೋನಿನ ಅಬ್ಬರಕ್ಕೆ ಗರ್ಭಕೋಶದ ಒಳಪದರದ ಲಯ ತಪ್ಪುತ್ತದೆ, ಭ್ರೂಣ ಅಲ್ಲಿ ಅಂಟಿಕೊಳ್ಳುವುದು ಕಷ್ಟವಾಗುತ್ತದೆ. ಇಂಗ್ಲೆಂಡಿನಲ್ಲಿ ರಾಬರ್ಟ್ ಎಡ್ವರ್ಡ್ಸ್ ಮತ್ತು ಪ್ಯಾಟ್ರಿಕ್ ಸ್ಟೆಪ್ಟೊ ಈ ಹಾರ್ಮೋನು ದಾರಿಯಲ್ಲಿ ವರ್ಷಗಟ್ಟಲೆ ಸೋತು, ಕೊನೆಗೆ ಅದನ್ನು ಬಿಟ್ಟೇಬಿಟ್ಟರು. ಸಹಜವಾಗಿ ಬರುವ ಒಂದೇ ಅಂಡಾಣುವಿಗೆ ಕಾದು, ಹೊಟ್ಟೆಯ ಮೂಲಕ ಲ್ಯಾಪರೊಸ್ಕೋಪ್ ಹಾಕಿ ತೆಗೆದು ಗೆದ್ದರು. 1978ರ ಜುಲೈ 25ರಂದು ಲೂಯಿಸ್ ಬ್ರೌನ್ ಹುಟ್ಟಿದಳು.

ಸುಭಾಷ್ ಅದೇ ಅಡ್ಡಿಯನ್ನು ಬೇರೆ ಕಡೆಯಿಂದ ದಾಟಿದರು. ಅವರು ಹಾರ್ಮೋನು ಬಿಡಲಿಲ್ಲ. ಎಚ್‌ಎಂಜಿ ಎಂಬ ಚುಚ್ಚುಮದ್ದು ಕೊಟ್ಟು ಹಲವು ಅಂಡಾಣುಗಳನ್ನು ಪಕ್ವಗೊಳಿಸಿದರು. (ಈ ಎಚ್‌ಎಂಜಿಯನ್ನು ಆಗ ತಯಾರಿಸುತ್ತಿದ್ದುದು ಮುಟ್ಟು ನಿಂತ ಮಹಿಳೆಯರ ಮೂತ್ರದಿಂದ. ಇಟಲಿಯಲ್ಲಿ ಅದಕ್ಕಾಗಿ ವಯಸ್ಸಾದ ಕ್ರೈಸ್ತ ಸನ್ಯಾಸಿನಿಯರಿಂದ ಮೂತ್ರ ಸಂಗ್ರಹಿಸುತ್ತಿದ್ದರು. ಫಾರ್ವರ್ಡ್ ಥರ ಕೇಳಿಸಿದರೂ ಇದು ನಿಜ.) ಅಂಡಾಣುಗಳನ್ನು ಹೊಟ್ಟೆಯ ಕಡೆಯಿಂದ ತೆಗೆಯದೆ, ಯೋನಿಮಾರ್ಗದಲ್ಲಿ ಸಣ್ಣ ಛೇದನ ಮಾಡಿ ತೆಗೆಯಲಾಯಿತು. ತಟ್ಟೆಯಲ್ಲಿ ಫಲಿತಗೊಂಡ ಭ್ರೂಣಗಳು ಎಂಟು ಜೀವಕೋಶಗಳ ಹಂತಕ್ಕೆ ಬಂದಾಗ ಅವನ್ನು ತಕ್ಷಣ ಗರ್ಭಕೋಶಕ್ಕೆ ಹಾಕಲಿಲ್ಲ. ಶೈತ್ಯೀಕರಿಸಿ 53 ದಿನ ಇಟ್ಟರು. ಅಷ್ಟರಲ್ಲಿ ಹಾರ್ಮೋನಿನ ಅಬ್ಬರ ಇಳಿದು, ತಾಯಿಯ ಋತುಚಕ್ರ ತನ್ನ ಸಹಜ ಲಯಕ್ಕೆ ಮರಳಿತ್ತು. ಆಗ ಭ್ರೂಣವನ್ನು ಕರಗಿಸಿ ಗರ್ಭಕೋಶಕ್ಕೆ ಸೇರಿಸಿದರು.

ಗದ್ದೆಗೆ ನೆರೆ ಬಂದಾಗ ಸಸಿ ನೆಡದೆ, ನೀರು ಇಳಿಯುವ ತನಕ ಸಸಿಯನ್ನು ಕಾಪಿಟ್ಟುಕೊಂಡ ಹಾಗೆ. ಕೇಳಲು ಸರಳ. ಆದರೆ ಈ ಉಪಾಯ ಜಗತ್ತಿನ ಬೇರೆ ಕಡೆ ಕೈಗೂಡಲು ವರ್ಷಗಳೇ ಬೇಕಾದವು. ಎಚ್‌ಎಂಜಿ ಕೊಟ್ಟು ಮಾಡಿದ ಐವಿಎಫ್‌ನಿಂದ ಅಮೆರಿಕದಲ್ಲಿ ಮಗು ಹುಟ್ಟಿದ್ದು 1981ರ ಕೊನೆಯಲ್ಲಿ. ಶೈತ್ಯೀಕರಿಸಿದ ಭ್ರೂಣದಿಂದ ಗರ್ಭಧಾರಣೆಯಾದ ವರದಿ ಆಸ್ಟ್ರೇಲಿಯಾದಿಂದ ಬಂದದ್ದು 1983ರಲ್ಲಿ. ಇಂದು ಎಲ್ಲ ಭ್ರೂಣಗಳನ್ನೂ ಮೊದಲು ಶೈತ್ಯೀಕರಿಸಿಟ್ಟು, ಬೇರೊಂದು ತಿಂಗಳಲ್ಲಿ ಗರ್ಭಕೋಶಕ್ಕೆ ಸೇರಿಸುವುದು ಐವಿಎಫ್ ಕೇಂದ್ರಗಳಲ್ಲಿ ತೀರಾ ಸಾಮಾನ್ಯ. ಚಿಕಿತ್ಸೆ ಪಡೆದ ದಂಪತಿ ನಿಮ್ಮ ಪರಿಚಯದಲ್ಲಿದ್ದರೆ, ಡಾಕ್ಟರು ಮುಂದಿನ ತಿಂಗಳು ಬನ್ನಿ ಎಂದು ಕಳಿಸಿದ್ದನ್ನು ಅವರು ಹೇಳಿರುತ್ತಾರೆ.

ಇನ್ನು ಆ ಫ್ರಿಜ್ಜಿನ ಮಾತು. ಮನೆಯ ಫ್ರಿಜ್ಜಿನಲ್ಲಿ ಭ್ರೂಣ 53 ದಿನ ಬದುಕಿ ಉಳಿಯುವುದು ಸಾಧ್ಯವಿಲ್ಲ. ಒಂದು ಟೊಮೆಟೊವನ್ನು ಫ್ರೀಜರಿನಲ್ಲಿಟ್ಟು ಮರುದಿನ ಹೊರಗೆ ತೆಗೆದಿಡಿ. ಮೆತ್ತಗಾಗಿ ನೀರು ಬಿಡುತ್ತದೆ. ಒಳಗಿನ ನೀರು ಹರಳುಗಟ್ಟಿ ಜೀವಕೋಶಗಳನ್ನು ಸೀಳಿರುತ್ತದೆ. ಅದನ್ನು ತಡೆಯಲು ಮೊದಲು ರಕ್ಷಕ ದ್ರಾವಣ ಸೇರಿಸಬೇಕು, ಸುಭಾಷ್ ತಂಡ ಬಳಸಿದ್ದು ಡಿಎಂಎಸ್‌ಒ ಎಂಬ ರಾಸಾಯನಿಕ. ಆಮೇಲೆ ಲೆಕ್ಕಾಚಾರದಿಂದ ತಂಪು ಮಾಡುತ್ತಾ ಹೋಗಬೇಕು. ಭ್ರೂಣಗಳನ್ನು ದೀರ್ಘಕಾಲ ಇಡಲು ಬಳಸುವ ದ್ರವ ಸಾರಜನಕದ ತಾಪಮಾನ ಸೊನ್ನೆಗಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗೆ. ಫ್ರೀಜರಿನದು ಸುಮಾರು 18 ಡಿಗ್ರಿ ಕೆಳಗೆ. ಶೀತ ವಿದ್ಯೆಯ ತಜ್ಞರೊಬ್ಬರು ತಂಡದಲ್ಲಿ ಯಾಕಿದ್ದರು ಎಂಬುದು ಇದರಿಂದಲೇ ತಿಳಿಯುತ್ತದೆ. ಸೌಕರ್ಯ ಕಡಿಮೆಯಿದ್ದದ್ದು ನಿಜ, ಆದರೆ ಇದು ಅಡುಗೆಮನೆಯ ಪವಾಡ ಆಗಿರಲಿಲ್ಲ. ಇಲಿಗಳ ಭ್ರೂಣವನ್ನು ಹೀಗೆ ಶೈತ್ಯೀಕರಿಸಿ ಮರಿ ಪಡೆದದ್ದು 1972ರಲ್ಲೇ ಪ್ರಕಟವಾಗಿತ್ತು. ಮರುವರ್ಷ ಕರುವೂ ಹುಟ್ಟಿತ್ತು.

ದುರ್ಗಾ

1978ರ ಅಕ್ಟೋಬರ್ 3ರಂದು, ನವರಾತ್ರಿ ಶುರುವಾಗುವ ಹೊತ್ತಿಗೆ, ಕಲ್ಕತ್ತಾದಲ್ಲಿ ಹೆಣ್ಣುಮಗು ಹುಟ್ಟಿತು. ಜಗತ್ತಿಗೆ ತಿಳಿದ ಹೆಸರು ದುರ್ಗಾ. ತಾಯಿಯ ಅಂಡನಾಳಗಳು ಮುಚ್ಚಿಹೋಗಿದ್ದರಿಂದ ಆ ದಂಪತಿಗೆ ಸಹಜವಾಗಿ ಮಗು ಆಗಿರಲಿಲ್ಲ.

ಲೂಯಿಸ್ ಹುಟ್ಟಿದ್ದು ಜುಲೈ 25, ದುರ್ಗಾ ಅಕ್ಟೋಬರ್ 3. ಹಾಗಾಗಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್, ದುರ್ಗಾ ಎರಡನೆಯವಳು. ಫಾರ್ವರ್ಡ್‌ನ ಮೊದಲ ಸಾಲೇ ತಪ್ಪು. ಇನ್ನೊಂದು ತಮಾಷೆ ನೋಡಿ. ಇಬ್ಬರ ನಡುವಿನ ಅಂತರ 67 ದಿನ ಎಂದು ಫಾರ್ವರ್ಡ್‌ಗಳಲ್ಲಿ ಮಾತ್ರವಲ್ಲ, ಪತ್ರಿಕೆಗಳಲ್ಲೂ ದಶಕಗಳಿಂದ ಅಚ್ಚಾಗುತ್ತಿದೆ. ಕ್ಯಾಲೆಂಡರ್ ತೆಗೆದು ಎಣಿಸಿ. ಜುಲೈನಲ್ಲಿ ಉಳಿದ 6, ಆಗಸ್ಟ್ 31, ಸೆಪ್ಟೆಂಬರ್ 30, ಅಕ್ಟೋಬರ್ 3. ಒಟ್ಟು 70. ಒಬ್ಬರು ತಪ್ಪು ಎಣಿಸಿದ್ದನ್ನು ಉಳಿದವರು ನಕಲು ಮಾಡುತ್ತಾ ಬಂದಂತಿದೆ.

ಮಗು ಹುಟ್ಟಿದ ಸುದ್ದಿ ಹೊರಬಿತ್ತು. ಸುಭಾಷ್ ಪಶ್ಚಿಮ ಬಂಗಾಳದ ಆರೋಗ್ಯ ಇಲಾಖೆಗೆ ವರದಿ ಕೊಟ್ಟರು. ಶೀತ ವಿಜ್ಞಾನದ ಭಾರತೀಯ ಪತ್ರಿಕೆಯೊಂದರಲ್ಲಿ ಚಿಕ್ಕ ಬರಹ ಪ್ರಕಟವಾಯಿತು. ನವೆಂಬರಿನಲ್ಲಿ ರಾಜ್ಯ ಸರ್ಕಾರ ಒಂದು ತಜ್ಞರ ಸಮಿತಿ ನೇಮಿಸಿತು.

ಸಮಿತಿಯ ಅಧ್ಯಕ್ಷರು ರೇಡಿಯೋ ಭೌತವಿಜ್ಞಾನದ ಪ್ರಾಧ್ಯಾಪಕರು. ಓದಿ ಬೆರಗಾಗಬೇಡಿ, ಇದು ಫಾರ್ವರ್ಡ್‌ನವರು ಸೇರಿಸಿದ ಒಗ್ಗರಣೆಯಲ್ಲ. ಸದಸ್ಯರಲ್ಲಿ ಸ್ತ್ರೀರೋಗ ತಜ್ಞರು, ಶರೀರಕ್ರಿಯಾ ತಜ್ಞರು ಇದ್ದರು. ಮನುಷ್ಯರ ಭ್ರೂಣವನ್ನು ದೇಹದ ಹೊರಗೆ ಬೆಳೆಸಿ, ಶೈತ್ಯೀಕರಿಸಿ ಬಲ್ಲವರು ಯಾರೂ ಇರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಆಗಿನ ಭಾರತದಲ್ಲಿ ಅಂಥವರನ್ನು ಹುಡುಕುವುದೂ ಸುಲಭವಿರಲಿಲ್ಲ. ಹೊರಗಿನವರ ಅಭಿಪ್ರಾಯ ಕೇಳಬಹುದಿತ್ತು ಎಂದು ನಮಗನ್ನಿಸುತ್ತದೆ. ಕೇಳಲಿಲ್ಲ. ಸುಭಾಷ್ ಹೇಳುವುದು ನಂಬತಕ್ಕದ್ದಲ್ಲ ಎಂದು ಸಮಿತಿ ತೀರ್ಮಾನಿಸಿತು.

ಸಾಕ್ಷಿ ಎಲ್ಲಿತ್ತು?

ಫಾರ್ವರ್ಡ್ ಬಿಟ್ಟುಬಿಡುವ ಭಾಗ ಇಲ್ಲಿಂದ ಶುರು.

ಮಗು ಐವಿಎಫ್‌ನಿಂದಲೇ ಹುಟ್ಟಿತು ಎಂದು ಸಾಬೀತು ಮಾಡುವುದು ಹೇಗೆ? ಇವತ್ತಿನವರಿಗೆ ಥಟ್ಟನೆ ಹೊಳೆಯುವ ಉತ್ತರ ಡಿಎನ್‌ಎ ಪರೀಕ್ಷೆ. ಆದರೆ ಡಿಎನ್‌ಎ ಬೆರಳಚ್ಚಿನ ವಿಧಾನ ಬಂದದ್ದೇ 1984ರಲ್ಲಿ. ಈಗ ಮಾಡಿಸಿದರೂ ಪ್ರಯೋಜನವಿಲ್ಲ. ತಂದೆ-ತಾಯಿ ಯಾರು ಎಂದು ಡಿಎನ್‌ಎ ಹೇಳುತ್ತದೆ, ಅಂಡಾಣು ಮತ್ತು ವೀರ್ಯಾಣು ತಟ್ಟೆಯಲ್ಲಿ ಸೇರಿದವೋ ಅಂಡನಾಳದಲ್ಲಿ ಸೇರಿದವೋ ಎಂದು ಹೇಳುವುದಿಲ್ಲ. ಐವಿಎಫ್ ಮಗುವಿನ ಮೈಮೇಲೆ ಯಾವ ಮುದ್ರೆಯೂ ಇರುವುದಿಲ್ಲ. ಡಿಎನ್‌ಎ ಪರೀಕ್ಷೆಯಿಂದ ಸುಭಾಷ್ ಹೇಳಿದ್ದು ಸಾಬೀತಾಯಿತು ಎಂದು ಬರೆದ ಸಂದೇಶ ಬಂದರೆ ನಂಬಬೇಡಿ.

ಹಾಗಾದರೆ ಉಳಿಯುವ ಸಾಕ್ಷಿ ಎರಡೇ: ಪ್ರಯೋಗಾಲಯದ ದಾಖಲೆ ಮತ್ತು ತಾಯಿಯ ವೈದ್ಯಕೀಯ ಚರಿತ್ರೆ. ಇಂಗ್ಲೆಂಡಿನಲ್ಲಿ ಲೂಯಿಸ್ ಹುಟ್ಟುವಾಗ ಆಪರೇಷನ್ನಿನ ಚಿತ್ರೀಕರಣ ನಡೆಯಿತು. ತಾಯಿಗೆ ಅಂಡನಾಳಗಳೇ ಇಲ್ಲ ಎಂಬುದು ಮುಂದೆ ಯಾರಿಗೂ ಸಂಶಯ ಬಾರದಂತೆ ದಾಖಲಾಯಿತು. ಬ್ರೌನ್ ದಂಪತಿ ಒಂದು ಪತ್ರಿಕಾ ಸಂಸ್ಥೆಗೆ ತಮ್ಮ ಕತೆಯ ಹಕ್ಕನ್ನು ಮಾರಿದ್ದರು. ಜಗತ್ತೇ ಆ ಮಗುವಿನ ಮುಖ ನೋಡಿತು.

ಕಲ್ಕತ್ತಾದಲ್ಲಿ ನಡೆದದ್ದು ಇದಕ್ಕೆ ಪೂರ್ತಿ ವಿರುದ್ಧ. ದುರ್ಗಾಳ ಕುಟುಂಬ ಸಂಪ್ರದಾಯಸ್ಥ ಮಾರ್ವಾಡಿ ಮನೆತನ. ತಮ್ಮ ಮಗು ಹೀಗೆ ಹುಟ್ಟಿತು ಎಂಬುದು ಬಹಿರಂಗವಾಗುವುದು ಅವರಿಗೆ ಬೇಡವಾಗಿತ್ತು. ಅದರಲ್ಲಿ ಅವರ ತಪ್ಪಿಲ್ಲ. ಮಕ್ಕಳಾಗದಿರುವುದೇ ಕಳಂಕ ಎನ್ನುವ ಸಮಾಜದಲ್ಲಿ, ಗಾಜಿನ ತಟ್ಟೆಯಿಂದ ಬಂದ ಮಗು ಎಂದರೆ ನೆಂಟರು ಏನೆಲ್ಲ ಆಡಿಕೊಳ್ಳಬಹುದು ಎಂದು ಯೋಚಿಸಿ. ಆ ಮಗು ಬೆಳೆದು, ಶಾಲೆಗೆ ಹೋಗಿ, ಮದುವೆಯ ವಯಸ್ಸಿಗೂ ಬರಬೇಕಲ್ಲ. ವೈದ್ಯರ ಬಳಿ ಮಾತ್ರ ಸುರಕ್ಷಿತವಾಗಿದ್ದ ಆ ಗುಟ್ಟನ್ನು ಅವರ ಅನುಮತಿಯಿಲ್ಲದೆ ಬಿಟ್ಟುಕೊಡುವುದು ಸುಭಾಷ್ ಅವರಿಗೂ ಸಾಧ್ಯವಿರಲಿಲ್ಲ.

ಕುಟುಂಬವನ್ನು ಲೋಕದ ಮುಂದೆ ನಿಲ್ಲಿಸಲು ಅವರಿಗೆ ಆಗುತ್ತಿರಲಿಲ್ಲ. ಅವರನ್ನು ನಿಲ್ಲಿಸದೆ, ತಾವು ಸುಳ್ಳುಗಾರರಲ್ಲ ಎಂದು ಎಲ್ಲರನ್ನೂ ನಂಬಿಸುವುದೂ ಆಗುತ್ತಿರಲಿಲ್ಲ. ಸಮಿತಿ, ಅಸೂಯೆ, ಅಧಿಕಾರಿಗಳ ದರ್ಪ ಇವೆಲ್ಲ ಫಾರ್ವರ್ಡ್‌ನಲ್ಲಿ ಬರುತ್ತವೆ. ಬಂಜೆತನದ ಬಗ್ಗೆ ನಮಗಿರುವ ನಾಚಿಕೆಯೂ ಈ ಕತೆಯ ಒಂದು ಪಾತ್ರ ಎಂಬುದು ಬರುವುದಿಲ್ಲ. ಅಧಿಕಾರಿಗಳನ್ನು ಬೈಯುವುದು ಸುಲಭ, ಅದಕ್ಕೇ ಇರಬೇಕು.

ಆ ನಾಚಿಕೆ ಎಷ್ಟು ಅಸಂಬದ್ಧ ಎನ್ನಲು ಒಂದೇ ಅಂಕಿ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಜಗತ್ತಿನ ವಯಸ್ಕರಲ್ಲಿ ಆರರಲ್ಲಿ ಒಬ್ಬರು ಬದುಕಿನಲ್ಲಿ ಎಂದಾದರೂ ಸಂತಾನಹೀನತೆಯ ಸಮಸ್ಯೆ ಎದುರಿಸುತ್ತಾರೆ. ಕಾರಣ ಗಂಡಿನಲ್ಲೂ ಇರಬಹುದು, ಹೆಣ್ಣಿನಲ್ಲೂ ಇರಬಹುದು, ಇಬ್ಬರಲ್ಲೂ ಇರಬಹುದು. ಆದರೂ 'ಬಂಜೆ' ಎಂಬ ಮಾತು ಹೆಣ್ಣಿಗೆ ಅಂಟಿದಷ್ಟು ಸಲೀಸಾಗಿ ಗಂಡಿಗೆ ಅಂಟುವ ಮಾತು ನಮ್ಮ ಭಾಷೆಯಲ್ಲಿಲ್ಲ. ಮದುವೆಯಾಗಿ ಆರು ತಿಂಗಳಿಗೆ ವಿಶೇಷವೇನಾದರೂ ಇದೆಯಾ ಎಂದು ಕೇಳುವ ಅತ್ತೆ, ಚಿಕ್ಕಮ್ಮಂದಿರ ಪ್ರಶ್ನೆ ಮೊದಲು ಹೋಗುವುದೂ ಸೊಸೆಯ ಕಡೆಗೇ.

ಐವಿಎಫ್ ಮಕ್ಕಳು ದುರ್ಬಲರು, ಅವರಿಗೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಸಂದೇಶಗಳೂ ಓಡಾಡುತ್ತವೆ. ಲೂಯಿಸ್ ಬ್ರೌನ್ ತಂಗಿ ನಟಾಲಿ ಕೂಡ ಐವಿಎಫ್ ಮಗುವೇ. ಆಕೆ 1999ರಲ್ಲಿ, ಲೂಯಿಸ್ 2006ರಲ್ಲಿ ತಾಯಿಯಾದರು. ಇಬ್ಬರಿಗೂ ಸಹಜ ಗರ್ಭಧಾರಣೆ. ಜಗತ್ತಿನಲ್ಲಿ ಈವರೆಗೆ ಐವಿಎಫ್‌ನಿಂದ ಹುಟ್ಟಿದವರ ಸಂಖ್ಯೆ ಒಂದು ಕೋಟಿ ದಾಟಿದೆ.

ಕೊನೆಯ ಮೂರು ವರ್ಷ

ಸಮಿತಿಯ ತೀರ್ಮಾನದ ನಂತರ ಸುಭಾಷ್ ಅವರ ಮಾತಿಗೆ ಬೆಲೆ ಉಳಿಯಲಿಲ್ಲ. 1979ರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯ ತಮ್ಮ ಕೆಲಸವನ್ನು ಮಂಡಿಸಲು ಅವರನ್ನು ಆಹ್ವಾನಿಸಿತು. ಹೋಗಲು ಸರ್ಕಾರ ಅನುಮತಿ ಕೊಡಲಿಲ್ಲ. ಅವರು ಸರ್ಕಾರಿ ನೌಕರ, ಅನುಮತಿಯಿಲ್ಲದೆ ಹೊರಡುವಂತಿಲ್ಲ. ಹಾರ್ಮೋನು, ಭ್ರೂಣಗಳ ಬಗ್ಗೆ ಸರಿಸಮಾನರ ಮುಂದೆ ಮಾತಾಡುವ ಅವಕಾಶ ಹೀಗೆ ಕೈತಪ್ಪಿತು. ಪ್ರಯೋಗವನ್ನು ಮತ್ತೆ ಮಾಡಿ ತೋರಿಸಲೂ ಆಗಲಿಲ್ಲ.

ಹೃದಯದ ತೊಂದರೆ ಕಾಣಿಸಿಕೊಂಡಿತು. ಬಾಂಕುರಾದಿಂದ ಕಲ್ಕತ್ತಾದ ಆರ್‌.ಜಿ. ಕರ್ ಮೆಡಿಕಲ್ ಕಾಲೇಜಿಗೆ ಬಂದರು. 1981ರ ಜೂನ್‌ ಮೊದಲ ವಾರದಲ್ಲಿ ಇನ್ನೊಂದು ವರ್ಗಾವಣೆ ಆದೇಶ ಬಂತು. ಈ ಸಲ ಕಣ್ಣಿನ ಸಂಸ್ಥೆಗೆ. ಎರಡು ಪಿಎಚ್‌ಡಿಗಳನ್ನು ಸಂತಾನೋತ್ಪತ್ತಿ ವಿಜ್ಞಾನದಲ್ಲಿ ಪಡೆದ ವ್ಯಕ್ತಿಗೆ ಕಣ್ಣಿನ ಸಂಸ್ಥೆಯಲ್ಲಿ ಹುದ್ದೆ. ಅಧ್ಯಾಪಕ ಹುದ್ದೆ ಎಲ್ಲಾದರೇನು ಎಂದು ಕಡತದ ಮೇಲೆ ವಾದಿಸಬಹುದು. ತನ್ನ ಕ್ಷೇತ್ರದಿಂದ ಒಬ್ಬರನ್ನು ಬೇರುಸಮೇತ ಕಿತ್ತು ತೆಗೆಯುವುದು ಹೀಗೆಯೇ ಎಂದು ನಾವು ಹೇಳುತ್ತೇವೆ.

1981ರ ಜೂನ್ 19ರಂದು, 50ನೇ ವಯಸ್ಸಿನಲ್ಲಿ, ಡಾ. ಸುಭಾಷ್ ಮುಖೋಪಾಧ್ಯಾಯ ತಮ್ಮ ಜೀವವನ್ನು ತಾವೇ ಕೊನೆಗೊಳಿಸಿಕೊಂಡರು. ಶಾಲಾ ಶಿಕ್ಷಕಿಯಾಗಿದ್ದ ಪತ್ನಿ ನಮಿತಾ ಒಂಟಿಯಾದರು.

ಆ ದಿನದ ವಿವರಗಳನ್ನು ನಾವು ಬರೆಯುವುದಿಲ್ಲ. ನಿಮ್ಮ ಬಳಿ ಇರುವ ಫಾರ್ವರ್ಡ್‌ನಲ್ಲಿ ಅವು ಇದ್ದರೆ ದಯವಿಟ್ಟು ಮುಂದೆ ಕಳಿಸಬೇಡಿ. ಇಂಥ ವಿವರ ನೊಂದಿರುವ ಇನ್ನೊಬ್ಬರಿಗೆ ಅಪಾಯ ತರಬಲ್ಲದು ಎಂಬುದು ಸಂಶೋಧನೆಗಳಿಂದ ಗೊತ್ತಾಗಿರುವ ಸಂಗತಿ. ಇಂಥವರು ಸಾಯಿಸಿದರು ಎಂಬ ಒಂದೇ ಸಾಲಿನ ತೀರ್ಪೂ ಸರಿಯಲ್ಲ. ಇಂಥ ಸಾವಿಗೆ ಒಂದೇ ಕಾರಣ ಇರುವುದು ಅಪರೂಪ. ಅವಮಾನ, ಕಾಯಿಲೆ, ಒಂಟಿತನ, ಕೆಲಸದ ಮೇಲೆ ಹಿಡಿತ ತಪ್ಪಿದ ಭಾವ ಒಂದರ ಮೇಲೊಂದು ಪೇರಿಸಿಕೊಳ್ಳುತ್ತವೆ.

ಡಾಕ್ಟರಿಗೇನು ಗೊತ್ತಿಲ್ಲವೇ, ತಮ್ಮ ಮನಸ್ಸನ್ನು ತಾವೇ ನೋಡಿಕೊಳ್ಳುತ್ತಾರೆ ಎಂಬುದು ಇನ್ನೊಂದು ತಪ್ಪು ನಂಬಿಕೆ. ವೈದ್ಯರು ಸಹಾಯ ಕೇಳಲು ಹೆಚ್ಚು ಹಿಂಜರಿಯುತ್ತಾರೆ. ರೋಗಿಗಳು ಏನೆಂದುಕೊಳ್ಳುತ್ತಾರೋ, ಹುದ್ದೆಗೆ ಏನಾಗುತ್ತದೋ ಎಂಬ ಭಯ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಕೊಟ್ಟ ವರದಿಯ ಸಮೀಕ್ಷೆಯಲ್ಲಿ, ಉತ್ತರಿಸಿದ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳ ಪೈಕಿ ಶೇ. 31ರಷ್ಟು ಮಂದಿ ಹಿಂದಿನ ಒಂದು ವರ್ಷದಲ್ಲಿ ಬದುಕು ಮುಗಿಸಿಕೊಳ್ಳುವ ಯೋಚನೆ ಬಂದಿತ್ತು ಎಂದಿದ್ದಾರೆ. ಇದು ಆನ್‌ಲೈನಿನಲ್ಲಿ ತಾವಾಗಿಯೇ ಉತ್ತರಿಸಿದವರ ಲೆಕ್ಕ, ಹಾಗಾಗಿ ಎಲ್ಲ ವೈದ್ಯರಿಗೂ ಅದೇ ಪ್ರಮಾಣ ಎಂದು ಹೇಳಲಾಗದು. ಅರ್ಧಕ್ಕೆ ಇಳಿಸಿ ನೋಡಿದರೂ ಸಣ್ಣ ಸಂಖ್ಯೆಯಲ್ಲ.

1981ರಲ್ಲಿ ಇಲ್ಲದ ಒಂದು ದಾರಿ ಈಗ ಇದೆ. ನೀವಾಗಲಿ, ನಿಮ್ಮ ಹತ್ತಿರದವರಾಗಲಿ ಅಂಥ ಸ್ಥಿತಿಯಲ್ಲಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇಡೀ ದೇಶದ ಈ ಸೇವೆಗೆ ಮಾರ್ಗದರ್ಶನ ಮಾಡುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಕಿರೀಟ ಕಳಚಿಟ್ಟವರು

1986ರ ಆಗಸ್ಟ್ 6ರಂದು ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಹರ್ಷಾ ಎಂಬ ಹೆಣ್ಣುಮಗು ಹುಟ್ಟಿತು. ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್ ಅವರ ತಂಡದ ಸಾಧನೆ ಇದು. ಕ್ರಮವಾಗಿ ದಾಖಲಾದ, ಪ್ರಕಟವಾದ ಕೆಲಸ. ಭಾರತದ ಮೊದಲ ಪ್ರನಾಳ ಶಿಶು ಎಂದು ದೇಶವೇ ಒಪ್ಪಿಕೊಂಡಿತು. ಹಳೆಯ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಇಂದಿಗೂ ಅದೇ ಉತ್ತರ ಸಿಗಬಹುದು.

ಹನ್ನೊಂದು ವರ್ಷದ ನಂತರ, 1997ರಲ್ಲಿ, ಆನಂದ್ ಕುಮಾರ್ ಕಲ್ಕತ್ತಾಕ್ಕೆ ಹೋದಾಗ ಸುಭಾಷ್ ಅವರ ಕೈಬರಹದ ಟಿಪ್ಪಣಿಗಳು, ಪತ್ರಗಳು ಅವರ ಕೈಸೇರಿದವು. ಓದಿದರು. ಹಾರ್ಮೋನಿನ ಪ್ರಮಾಣ, ದಿನಾಂಕಗಳು, ಶೈತ್ಯೀಕರಣದ ಹಂತಗಳನ್ನು ಪರಿಶೀಲಿಸಿದರು. ಇದು ಕಟ್ಟುಕತೆಯಲ್ಲ, ಕೆಲಸ ಮಾಡಿದವನೇ ಬರೆಯಬಹುದಾದ ದಾಖಲೆ ಎಂದು ಅವರಿಗೆ ಮನವರಿಕೆಯಾಯಿತು. ಆಗ ಅವರು ಬೆಂಗಳೂರಿನಲ್ಲಿ ನೆಲೆಸಿದ್ದರು. ಬೆಂಗಳೂರಿನಿಂದಲೇ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯ 1997ರ ಏಪ್ರಿಲ್ ಸಂಚಿಕೆಯಲ್ಲಿ ಲೇಖನ ಬರೆದು, ಭಾರತದ ಮೊದಲ ಪ್ರನಾಳ ಶಿಶುವಿನ ಶಿಲ್ಪಿ ಸುಭಾಷ್ ಎಂದು ಸಾರಿದರು. ಅಂದರೆ ತಾವಲ್ಲ ಎಂದು. ಯಾರೂ ಅವರನ್ನು ಕೇಳಿರಲಿಲ್ಲ, ಸುಮ್ಮನಿದ್ದಿದ್ದರೆ ಮೊದಲಿಗರೆಂಬ ಹೆಸರು ಅವರ ತಂಡದಲ್ಲೇ ಉಳಿಯುತ್ತಿತ್ತು. ಫಾರ್ವರ್ಡ್‌ಗಳಲ್ಲಿ ಆನಂದ್ ಕುಮಾರ್ ಅವರಿಗೆ ಸಿಗುವುದು ಹೆಚ್ಚೆಂದರೆ ಒಂದು ಸಾಲು. ನಮಗೆ ಅವರ ಬಗ್ಗೆಯೇ ಇನ್ನೊಂದು ಲೇಖನ ಬರೆಯಬೇಕೆನಿಸಿದೆ.

ಹಾಗಾದರೆ ಸುಭಾಷ್ ಹೇಳಿದ್ದೆಲ್ಲ ಸಾಬೀತಾಯಿತೇ? ವಿಜ್ಞಾನದ ಕಟ್ಟುನಿಟ್ಟಿನ ಅರ್ಥದಲ್ಲಿ, ಮತ್ತೊಮ್ಮೆ ಮಾಡಿ ತೋರಿಸುವ ಅವಕಾಶ ಅವರಿಗೆ ಸಿಗಲಿಲ್ಲ. ಆದರೆ ದಾಖಲೆಗಳು ಗಟ್ಟಿಯಾಗಿವೆ, ವಿಧಾನ ಆಮೇಲೆ ಬೇರೆಯವರ ಕೈಯಲ್ಲಿ ಫಲಿಸಿದೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಆ ಕೆಲಸವನ್ನು ಗುರುತಿಸಿದೆ. ಭಾರತದ ಮೊದಲನೆಯದು, ಜಗತ್ತಿನ ಎರಡನೆಯದು ಎಂದು ಬರೆಯಲು ನಮಗೆ ಹಿಂಜರಿಕೆಯಿಲ್ಲ.

ತಪನ್ ಸಿನ್ಹಾ ನಿರ್ದೇಶನದ 'ಏಕ್ ಡಾಕ್ಟರ್ ಕೀ ಮೌತ್' ಚಿತ್ರವನ್ನು ಸುಭಾಷ್ ಅವರ ಜೀವನಚರಿತ್ರೆ ಎಂದು ಹಂಚಿಕೊಳ್ಳುವವರಿದ್ದಾರೆ. 1990ರ ಈ ಚಿತ್ರಕ್ಕೆ ಅವರ ಬದುಕು ಪ್ರೇರಣೆ ಹೌದು. ಪಂಕಜ್ ಕಪೂರ್ ಅಭಿನಯ ಮರೆಯುವಂಥದ್ದಲ್ಲ. ಆದರೆ ಅದರ ನಾಯಕ ಹುಡುಕುವುದು ಕುಷ್ಠರೋಗದ ಲಸಿಕೆಯನ್ನು. ಚಿತ್ರ ನೋಡಿ, ಇತಿಹಾಸ ಎಂದುಕೊಳ್ಳಬೇಡಿ.

ಕೊನೆಗೆ ನೊಬೆಲ್. ಬ್ರಿಟಿಷರು ನಮ್ಮಿಂದ ಕದ್ದರು ಎಂಬ ಮಾತಿಗೆ ಆಧಾರವಿಲ್ಲ. ಎಡ್ವರ್ಡ್ಸ್ ಮತ್ತು ಸ್ಟೆಪ್ಟೊ ತಮ್ಮದೇ ದಾರಿಯಲ್ಲಿ, ತಮ್ಮ ದೇಶದ ಟೀಕೆಗಳನ್ನೂ ಎದುರಿಸಿ ಮೊದಲು ತಲುಪಿದರು. ಅವರ ಜೊತೆ ಪ್ರಯೋಗಾಲಯದಲ್ಲಿ ದುಡಿದ ಜೀನ್ ಪರ್ಡಿ ಎಂಬ ನರ್ಸ್ ಹೆಸರು ದಶಕಗಳ ಕಾಲ ಯಾರ ಬಾಯಲ್ಲೂ ಬರಲಿಲ್ಲ. ಆಕೆ 1985ರಲ್ಲಿ, ಸ್ಟೆಪ್ಟೊ 1988ರಲ್ಲಿ ತೀರಿಕೊಂಡರು. ಸತ್ತವರಿಗೆ ನೊಬೆಲ್ ಘೋಷಿಸುವುದಿಲ್ಲ. ಬದುಕಿದ್ದ ಎಡ್ವರ್ಡ್ಸ್ ಒಬ್ಬರಿಗೇ 2010ರಲ್ಲಿ ಪ್ರಶಸ್ತಿ ಸಂದಿತು.

ಅಷ್ಟು ಹೊತ್ತಿಗೆ ಕಲ್ಕತ್ತಾದ ದುರ್ಗಾ ಅಡಗಿಕೊಂಡಿರಲಿಲ್ಲ. 2003ರಲ್ಲಿ, ತಮ್ಮ 25ನೇ ಹುಟ್ಟುಹಬ್ಬದ ಹೊತ್ತಿಗೆ, ಆಕೆ ಕನುಪ್ರಿಯಾ ಎಂಬ ತಮ್ಮ ನಿಜ ಹೆಸರಿನಲ್ಲೇ ಜನರ ಮುಂದೆ ಬಂದು, ತಾವು ಹೇಗೆ ಹುಟ್ಟಿದರು, ಹುಟ್ಟಿಗೆ ಕಾರಣರಾದ ವೈದ್ಯರು ಯಾರು ಎಂದು ಹೇಳಿಕೊಂಡಿದ್ದರು. ಎಡ್ವರ್ಡ್ಸ್ ಅವರಿಗೆ ನೊಬೆಲ್ ಘೋಷಣೆಯಾದದ್ದು 2010ರ ಅಕ್ಟೋಬರ್ 4ರಂದು. ಅದರ ಹಿಂದಿನ ದಿನ ಕನುಪ್ರಿಯಾಗೆ 32 ತುಂಬಿತ್ತು.